ಬೆಳೆ ಕಾಯುವ ಬಂದೂಕ: ಮಾಡಿಸೋದೋ, ಕೊಳ್ಳೋದೋ?

ರಾಗಿ ತೆನೆ ಹಾಲು ತುಂಬುವ ಹೊತ್ತಿಗೆ ಸರಿಯಾಗಿ ನಮ್ಮ ಕಡೆ ಹಂದಿ ಇಳಿಯುತ್ತವೆ. ನೆಲಮಂಗಲ ಅಂದ್ರೆ ಈಗ ಗೋಡೌನು, ಲೇಔಟು, ಟೋಲ್‌ಗೇಟು ಅಷ್ಟೇ ಅಂತ ಹೊರಗಿನವರು ತಿಳಕೊಂಡಿದ್ದಾರೆ. ತ್ಯಾಮಗೊಂಡ್ಲು, ಸೋಂಪುರ ಹೋಬಳಿ ಕಡೆ ಒಂದು ರಾತ್ರಿ ಬಂದು ಅಟ್ಟಣೆ ಮೇಲೆ ಕೂತು ನೋಡಲಿ. ಕುರುಚಲು ಗುಡ್ಡ, ನೀಲಗಿರಿ ತೋಪು, ಬೀಳು ಬಿಟ್ಟ ಸೈಟು, ಇಷ್ಟರಲ್ಲೇ ಹಂದಿ ಮರಿ ಹಾಕಿ ಸಂಸಾರ ಮಾಡ್ತಾವೆ. ಹಗಲು ನವಿಲು, ರಾತ್ರಿ ಹಂದಿ. ಶಿವಗಂಗೆ ಬೆಟ್ಟದ ಸುತ್ತ ಚಿರತೆ ಭಯ ಬೇರೆ.

ಹೋದ ವರ್ಷದಿಂದ ನನ್ನ ಹತ್ತಿರ ಐದಾರು ಜನ ಒಂದೇ ಪ್ರಶ್ನೆ ಕೇಳಿದ್ದಾರೆ. “ಅಣ್ಣಾ, ಬಂದೂಕ ತಗೋಬೇಕು. ಹಗುರವಾಗಿರೋದು ಬೇಕು. ಕಂಪೆನಿದು ತಗೊಳ್ಳಲೋ, ಹೇಳಿ ಮಾಡಿಸಲೋ?” ನನಗೆ ಈ ಪ್ರಶ್ನೆಯ ಬೆಲೆ ಗೊತ್ತು. ನಾನೂ ಕೇಳಿದ್ದೆ, ನಾನೂ ತಪ್ಪು ಮಾಡಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ. ಮಲೆನಾಡು, ಕರಾವಳಿಯವರು ಕೋವಿ ಅಂತೀರಿ, ನಾವು ಬಂದೂಕ ಅಂತೀವಿ. ನಮ್ಮಜ್ಜ ತುಪಾಕಿ ಅನ್ನೋರು. ಸಾಮಾನು ಒಂದೇ.

ಅಪ್ಪನ ಕೇಪಿನ ಬಂದೂಕ

ನಮ್ಮಪ್ಪನ ಹತ್ತಿರ ಕೇಪಿನ ಬಂದೂಕ ಇತ್ತು. ಬಾಯಿಂದ ಮದ್ದು ಹಾಕಿ, ಗಜದಿಂದ ಜಡಿದು, ಹಿಂದೆ ಕೇಪು ಇಟ್ಟು ಹೊಡೆಯೋದು. ಬೆಳೆ ರಕ್ಷಣೆಯ ಪರವಾನಗಿ. ಅಪ್ಪ ಅದರಲ್ಲಿ ಗುಂಡು ತುಂಬಿದ್ದು ನಾನು ಕಂಡಿಲ್ಲ. ಬರೀ ಮದ್ದು, ತೆಂಗಿನ ನಾರು. ‘ಢಂ’ ಅಂದರೆ ಎರಡು ರಾತ್ರಿ ಹಂದಿ ಆ ಕಡೆ ಸುಳೀತಿರಲಿಲ್ಲ.

2019ರ ಜನವರಿಯಲ್ಲಿ ಅಪ್ಪ ತೀರಿಕೊಂಡರು. ಬಂದೂಕ ಅಟ್ಟದ ಮೇಲೆ ಇತ್ತು, ನಾವು ಯಾರೂ ಅದರ ಕಡೆ ಯೋಚನೆ ಮಾಡಲಿಲ್ಲ. ಮಾರ್ಚಿಯಲ್ಲಿ ಲೋಕಸಭೆ ಚುನಾವಣೆ ಘೋಷಣೆ ಆಯ್ತು, ಪರವಾನಗಿ ಇರುವವರೆಲ್ಲ ಆಯುಧ ತಂದು ಒಪ್ಪಿಸಿ ಅಂತ ಠಾಣೆಯಿಂದ ಹೇಳಿಕಳಿಸಿದರು. ಹೋಗಿ ಅಪ್ಪ ಇಲ್ಲ ಅಂದೆ. “ಹಾಗಾದ್ರೆ ಎರಡು ತಿಂಗಳಿಂದ ನಿಮ್ಮನೇಲಿ ಇರೋದು ಯಾರ ಬಂದೂಕ?” ಅಂದರು. ನನಗೆ ಬಾಯಿ ಒಣಗಿತು.

ಇದನ್ನು ಮೊದಲು ತಿಳಕೊಳ್ಳಿ. ಪರವಾನಗಿ ಮನುಷ್ಯನದು, ಮನೆಯದಲ್ಲ. ಪರವಾನಗಿದಾರರು ತೀರಿಕೊಂಡರೆ ಆ ಬಂದೂಕವನ್ನು ತಡಮಾಡದೆ ಠಾಣೆಯಲ್ಲೋ ಪರವಾನಗಿ ಇರುವ ಅಂಗಡಿಯಲ್ಲೋ ಜಮಾ ಮಾಡಿ ರಸೀದಿ ಪಡೆಯಬೇಕು. ಆಮೇಲೆ ವಾರಸುದಾರರು ಅರ್ಜಿ ಹಾಕಬಹುದು. 2016ರ ಆಯುಧ ನಿಯಮಗಳಲ್ಲಿ ವಾರಸುದಾರರಿಗೇ ಬೇರೆ ಅವಕಾಶ ಇದೆ. ಅಪ್ಪ ಬದುಕಿದ್ದರೂ ಅವರಿಗೆ 70 ತುಂಬಿದ್ದರೆ, ಇಲ್ಲವೇ ಬಂದೂಕ 25 ವರ್ಷ ಅವರ ಹತ್ತಿರ ಇದ್ದರೆ, ಯಾವುದು ಮೊದಲೋ ಅದರ ಮೇಲೆ ಮಗನೋ ಮಗಳೋ ಸೊಸೆಯೋ ತಮ್ಮ ಹೆಸರಿಗೆ ಕೇಳಬಹುದು. ಅಪ್ಪ ಇರುವಾಗಲೇ ನಾನು ಈ ಕೆಲಸ ಮಾಡಿಕೊಳ್ಳಬೇಕಿತ್ತು. ಅಟ್ಟದ ಮೇಲೆ ತಾತನ ಕಾಲದ್ದು ಇಟ್ಟುಕೊಂಡು ಮರೆತಿರುವ ಮನೆಗಳು ನಮ್ಮ ಹೋಬಳಿಯಲ್ಲೇ ಇನ್ನೂ ಇದ್ದಾವೆ ಅಂತ ನನಗೆ ಗುಮಾನಿ.

ನಾನು ಅರ್ಜಿ ಹಾಕಿದೆ. ಓಡಾಡುವಾಗಲೇ ಈ ‘ಮಾಡಿಸೋದೋ ಕೊಳ್ಳೋದೋ’ ಅನ್ನೋ ಪ್ರಶ್ನೆ ಎದುರಾದದ್ದು.

ಹೇಳಿ ಮಾಡಿಸಿದ್ದು

ಸಂತೆಯಲ್ಲಿ ಪರಿಚಯದ ಒಬ್ಬರು ಹೇಳಿದರು: “ಅಂಗಡೀದು ಭಾರ, ದುಡ್ಡೂ ಜಾಸ್ತಿ. ಒಬ್ಬ ಮೇಸ್ತ್ರಿ ಇದ್ದಾನೆ, ನಿಮ್ಮ ಅಳತೆಗೆ ಮಾಡಿಕೊಡ್ತಾನೆ. ಎರಡೂವರೆ ಕೇಜಿ ದಾಟಲ್ಲ.” ಕೇಳೋಕೆ ಚೆನ್ನಾಗೇ ಇತ್ತು. ದರ್ಜಿ ಹೊಲಿದ ಅಂಗಿಗೂ ಅಂಗಡಿಯ ರೆಡಿಮೇಡಿಗೂ ಇರುವ ವ್ಯತ್ಯಾಸದ ಹಾಗೆ ಅಂದುಕೊಂಡೆ.

ಹೊರದೇಶದಲ್ಲಿ ಈ ಮಾತು ನಿಜ. ಲಂಡನ್ನಿನ ಪರ್ಡಿ, ಹಾಲೆಂಡ್ ಆ್ಯಂಡ್ ಹಾಲೆಂಡ್ ಅಂಥವರು ಗಿರಾಕಿಯ ತೋಳು, ಕತ್ತು, ಭುಜ ಅಳೆದು ಬಂದೂಕ ಮಾಡುತ್ತಾರೆ. ರಾಜರು ಅಲ್ಲಿಂದ ತರಿಸಿಕೊಳ್ಳುತ್ತಿದ್ದರು. ನಳಿಗೆ, ಬೀಗ, ಮರ ಒಂದೊಂದಕ್ಕೂ ಬೇರೆ ಬೇರೆ ಕೆಲಸಗಾರರು. ಆದರೆ ಎಷ್ಟೇ ದೊಡ್ಡ ಹೆಸರಿದ್ದರೂ ಆ ಬಂದೂಕ ಸರಕಾರದ ಕಾಯಿದೆ ಪ್ರಕಾರ ಪರೀಕ್ಷಾ ಮನೆಗೆ ಹೋಗಿ, ಮಾಮೂಲಿಗಿಂತ ಜಾಸ್ತಿ ಮದ್ದಿನಲ್ಲಿ ಹೊಡೆಸಿಕೊಂಡು, ಒಡೆಯದಿದ್ದರೆ ಮುದ್ರೆ ಹಾಕಿಸಿಕೊಂಡು ಬರಬೇಕು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮನೆ 1813ರಿಂದ ಇದೆ. ಅಂದರೆ ‘ಹೇಳಿ ಮಾಡಿಸಿದ್ದು’ ಅನ್ನೋದಕ್ಕೆ ಅಲ್ಲಿ ಎರಡು ಕಾಲು: ಅಳತೆ ಒಂದು, ಪರೀಕ್ಷೆ ಇನ್ನೊಂದು.

ನಮ್ಮ ಸಂತೆಯ ಮೇಸ್ತ್ರಿಯ ಮಾಲಿಗೆ ಮೊದಲನೇ ಕಾಲು ಮಾತ್ರ. ಎರಡನೆಯದು ಇಲ್ಲ.

ನಮ್ಮ ಚಿಕ್ಕಪ್ಪನ ಮಗ ಇಂಥದ್ದೊಂದು ಇಟ್ಟುಕೊಂಡಿದ್ದ. ನೋಡೋಕೆ ಬಲು ಅಂದ, ಮರಕ್ಕೆ ಹೊನ್ನೆ, ಹಿತ್ತಾಳೆ ಪಟ್ಟಿ. ನಳಿಗೆ ಮಾತ್ರ ಬೆಸುಗೆ ಹಾಕಿದ ಪೈಪು. ಹೊರಗಡೆ ಉಜ್ಜಿ ನುಣ್ಣಗೆ ಮಾಡಿದ್ದರಿಂದ ಬೆಸುಗೆಯ ಗೆರೆ ಕಾಣುತ್ತಿರಲಿಲ್ಲ. ನೀರಿನ ಪೈಪು ನೀರಿನ ಒತ್ತಡಕ್ಕೆ ಮಾಡಿದ್ದು. ಬಂದೂಕದೊಳಗಿನ ಒತ್ತಡ ಅದರ ಎಷ್ಟೋ ಪಟ್ಟು, ಅದೂ ಒಂದೇ ಕ್ಷಣದಲ್ಲಿ. ನಾಲ್ಕು ಸಲ ಹೊಡೆದಾಗ ಏನೂ ಆಗಲಿಲ್ಲ. ಐದನೇ ಸಲ ಬೆಸುಗೆ ಬಿಟ್ಟಿತು. ಎಡಗೈಯ ಎರಡು ಬೆರಳು ಹೋದವು. ಆಸ್ಪತ್ರೆಯಲ್ಲಿ ಪಟಾಕಿ ಅಂತ ಹೇಳಿದ, ಯಾರೂ ನಂಬಲಿಲ್ಲ. ಬೆರಳೂ ಹೋಯ್ತು, ಮೇಲೆ ಕೇಸೂ ಆಯ್ತು. ಈಗ ಅವನು ಹಾಲು ಕರೆಯೋದಕ್ಕೆ ಹೆಂಡತಿಯೇ ಬೇಕು.

ಕಾನೂನೂ ಇಲ್ಲಿ ಬಹಳ ಬಿಗಿ. ಪರವಾನಗಿ ಇಲ್ಲದೆ ಬಂದೂಕ ಮಾಡಿದರೆ 2019ರ ತಿದ್ದುಪಡಿ ಆದಮೇಲೆ ಕಡಿಮೆ ಅಂದರೆ 7 ವರ್ಷ, ಹೆಚ್ಚಿಗೆ ಜೀವಾವಧಿ. ಅದನ್ನು ಇಟ್ಟುಕೊಂಡವರಿಗೂ ಜೈಲೇ. ನಮ್ಮ ಕೈಲಿ ಪರವಾನಗಿ ಇದ್ದರೆ ಸಾಕು, ಯಾರ ಹತ್ತಿರ ಬೇಕಾದರೂ ಮಾಡಿಸಬಹುದು ಅನ್ನೋದು ತಪ್ಪು ತಿಳುವಳಿಕೆ. ಕೊಂಡ ಬಂದೂಕದ ನಂಬರು ಪರವಾನಗಿ ಪುಸ್ತಕದಲ್ಲಿ ಏರಬೇಕು. ಮೇಸ್ತ್ರಿ ಮಾಲಿಗೆ ನಂಬರು ಎಲ್ಲಿಂದ ತರ್ತೀರಿ?

ಹೈದರ್, ಟಿಪ್ಪು ಕಾಲದಲ್ಲಿ ಶ್ರೀರಂಗಪಟ್ಟಣ, ಬೆಂಗಳೂರಿನಲ್ಲೇ ಬಂದೂಕ ತಯಾರಾಗುತ್ತಿದ್ದವು. ಆ ಕೈಗಳು ಎಲ್ಲಿ ಹೋದವು ಅಂತ ಯೋಚಿಸಿದರೆ ಬೇಜಾರಾಗುತ್ತದೆ. 1878ರಲ್ಲಿ ಬ್ರಿಟಿಷರು ಆಯುಧ ಕಾಯಿದೆ ತಂದ ಮೇಲೆ ಜನರ ಕೈಯಿಂದ ಆಯುಧ ದೂರವಾಯಿತು. ಈಗ ಪರವಾನಗಿ ಪಡೆದು ಕೈಕೆಲಸ ಉಳಿಸಿಕೊಂಡಿರುವ ಊರು ಅಂದರೆ ಬಿಹಾರದ ಮುಂಗೇರ್. ಅಲ್ಲಿನ ಸಣ್ಣ ಕಾರ್ಖಾನೆಗಳ ಒಂಟಿನಳಿಗೆ, ಜೋಡಿನಳಿಗೆ ಕಾನೂನಿನ ದಾರಿಯಲ್ಲೇ ಅಂಗಡಿಗೆ ಬರುತ್ತವೆ. ಅದೇ ಊರಿನ ಹೆಸರಲ್ಲಿ ಕಳ್ಳಮಾಲೂ ಓಡಾಡುತ್ತದೆ, ಜೋಪಾನ.

ಹಗುರ ಅಂದ್ರೆ ಒಳ್ಳೇದಾ?

ನಮ್ಮವರಿಗೆ ಹಗುರದ ಆಸೆ ಬಹಳ. ಒಂದು ಕೈಲಿ ಬ್ಯಾಟರಿ, ಇನ್ನೊಂದು ಕೈಲಿ ಬಂದೂಕ, ಬದುವಿನ ಮೇಲೆ ನಡೆಯಬೇಕು. ಅರ್ಧ ಕೇಜಿ ಕಮ್ಮಿ ಆದರೂ ಲಾಭವೇ ಅನ್ನಿಸುತ್ತದೆ. ಹೊತ್ತು ನಡೆಯುವಾಗ ಲಾಭವೇ. ಹೊಡೆಯುವಾಗ ನಷ್ಟ.

ಲೆಕ್ಕ ಸುಲಭ. ಮುಂದಕ್ಕೆ ಹೋಗುವ ಚರೆ ಎಷ್ಟು ಜೋರಾಗಿ ಹೋಗುತ್ತದೋ ಅಷ್ಟೇ ಜೋರಿನಲ್ಲಿ ಬಂದೂಕ ಹಿಂದಕ್ಕೆ ಬರುತ್ತದೆ. ಬಂದೂಕ ಭಾರ ಇದ್ದರೆ ನಿಧಾನ ಬರುತ್ತದೆ, ಹಗುರ ಇದ್ದರೆ ರಭಸದಲ್ಲಿ ಬರುತ್ತದೆ. ಅದೇ ತೋಟಾ ಹಾಕಿ 3 ಕೇಜಿಯ ಬಂದೂಕದಿಂದ ಎರಡೂವರೆ ಕೇಜಿಗೆ ಇಳಿದರೆ, ತೂಕ ಇಳಿದದ್ದು ಆರನೇ ಒಂದು ಪಾಲು, ಭುಜಕ್ಕೆ ಬೀಳುವ ಒದೆತ ಏರುವುದು ಐದನೇ ಒಂದು ಪಾಲು. ಎತ್ತಿನ ಒದೆ ತಿಂದವರಿಗೆ ಐದನೇ ಒಂದು ಪಾಲು ಅಂದರೆ ಏನು ಅಂತ ಗೊತ್ತು. ಒದೆತಕ್ಕೆ ಹೆದರಿದವನು ಹೊಡೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ, ಭುಜ ಹಿಂದಕ್ಕೆ ಎಳೆಯುತ್ತಾನೆ. ನಳಿಗೆ ಎಲ್ಲಿಗೋ ತಿರುಗಿರುತ್ತದೆ.

ಹಗುರ ಮಾಡೋದು ಎಲ್ಲಿಂದ ಅಂತಲೂ ಕೇಳಬೇಕು. ಮರದಿಂದ ತೆಗೆದರೆ ಸ್ವಲ್ಪವೇ ಸಿಗೋದು. ಉಳಿದದ್ದನ್ನು ನಳಿಗೆಯಿಂದಲೇ ತೆಗೆಯಬೇಕು. ಒಳ್ಳೆ ಕಾರ್ಖಾನೆ ಒಳ್ಳೆ ಉಕ್ಕಿನಲ್ಲಿ ತೆಳ್ಳಗೆ ಮಾಡಬಲ್ಲದು. ಸಂತೆ ಮೇಸ್ತ್ರಿ ತೆಳ್ಳಗೆ ಮಾಡಿದರೆ ಅದು ನಮ್ಮ ತಮ್ಮನ ಬೆರಳು.

ಕೆಲವರು ನಳಿಗೆಯನ್ನೇ ಮೊಟಕು ಮಾಡಿಸುತ್ತಾರೆ. ಅಪ್ಪಿತಪ್ಪಿಯೂ ಬೇಡ. ಪರವಾನಗಿ ಇಲ್ಲದೆ ನಳಿಗೆ ಕತ್ತರಿಸುವುದು 1959ರ ಆಯುಧ ಕಾಯಿದೆಯ 6ನೇ ಕಲಮಿನಲ್ಲಿ ಸ್ವತಃ ಒಂದು ಅಪರಾಧ. ಬೆಳೆ ಕಾಯೋ ಬಂದೂಕದ ನಳಿಗೆ 20 ಅಂಗುಲಕ್ಕಿಂತ ಕಮ್ಮಿ ಇರುವಂತಿಲ್ಲ.

ಕಂಪೆನಿದು

ಅಪ್ಪನ ಬಂದೂಕ ನನ್ನ ಹೆಸರಿಗೆ ಬಂದ ಮೇಲೆ ಪರವಾನಗಿ ಇರುವ ಒಬ್ಬ ರಿಪೇರಿ ಮೇಸ್ತ್ರಿಗೆ ತೋರಿಸಿದೆ. ವಯಸ್ಸಾದವರು, ಕನ್ನಡಕ ಏರಿಸಿ ನಳಿಗೆಯೊಳಗೆ ದೀಪ ಬಿಟ್ಟು ನೋಡಿದರು. ಹಿಂಭಾಗ, ಮದ್ದು ಕೂರುವ ಕಡೆ, ತುಕ್ಕು ತಿಂದು ಗುಳಿ ಬಿದ್ದಿತ್ತು. “ಗೋಡೆಗೆ ಹಾಕ್ಕೊಳ್ಳಿ ಸ್ವಾಮಿ, ಭುಜಕ್ಕೆ ಬೇಡ” ಅಂದರು. ಕಾರಣ ಮದ್ದಿನ ಮಸಿ. ಕರಿಮದ್ದಿನ ಮಸಿ ಉಪ್ಪಿನ ಹಾಗೆ ಗಾಳಿಯ ತೇವ ಎಳೆಯುತ್ತದೆ. ಹೊಡೆದ ದಿನವೇ ಬಿಸಿನೀರಲ್ಲಿ ತೊಳೆದು, ಒಣಗಿಸಿ ಎಣ್ಣೆ ಬಿಡಬೇಕು. ಅಪ್ಪನ ಕೊನೆ ವರ್ಷಗಳಲ್ಲಿ ಅದನ್ನು ಯಾರೂ ಮಾಡಿರಲಿಲ್ಲ.

ಹೊಸದು ಬೇಕಾಯ್ತು. ಇಲ್ಲಿ ಕಾನೂನಿನ ಒಂದು ಮಾತು ರೈತರಿಗೆ ಗೊತ್ತಿರಬೇಕು. 13ನೇ ಕಲಮು ಬೆಳೆ ರಕ್ಷಣೆಗೆ ಅಂತ ಮೊದಲು ಹೇಳುವುದು ಬಾಯಿಂದ ತುಂಬುವ ಬಂದೂಕವನ್ನೇ, ಅಂದರೆ ಕೇಪಿನದು. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆ ಆದರೆ ಮಾತ್ರ ತೋಟಾ ಹಾಕುವ ಬಂದೂಕ ಕೊಡಬಹುದು. ಆದ್ದರಿಂದ ಅರ್ಜಿಯಲ್ಲಿ ಸುಮ್ಮನೆ ‘ಬಂದೂಕ ಬೇಕು’ ಅಂತ ಬರೀಬೇಡಿ. ಎಷ್ಟು ಎಕರೆ, ಯಾವ ಬೆಳೆ, ಯಾವ ಪ್ರಾಣಿ, ಎಷ್ಟು ಸಲ ನಷ್ಟ, ಅರಣ್ಯ ಇಲಾಖೆಗೆ ಕೊಟ್ಟ ದೂರಿನ ನಕಲು, ಪಹಣಿ, ಎಲ್ಲ ಹಚ್ಚಿ, ಕೇಪಿನದು ಯಾಕೆ ಸಾಲದು ಅಂತ ನಾಲ್ಕು ಸಾಲು ಬರೆಯಿರಿ. ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗಿನವರಿಗೆ ಹೊಸ ಪರವಾನಗಿ ಬೇಕಾದರೆ ಮುಖ್ಯ ವನ್ಯಜೀವಿ ವಾರ್ಡನ್ ಒಪ್ಪಿಗೆಯೂ ಬೇಕು.

ನಾನು ಕೊಂಡದ್ದು 12 ಬೋರಿನ ಒಂಟಿನಳಿಗೆ. 12 ಅಂದರೆ ಅಂಗುಲವೂ ಅಲ್ಲ, ಮಿಲಿಮೀಟರೂ ಅಲ್ಲ. ಒಂದು ಪೌಂಡು ಸೀಸದಲ್ಲಿ 12 ಸಮ ಗುಂಡು ಮಾಡಿದರೆ ಒಂದು ಗುಂಡು ಎಷ್ಟು ದಪ್ಪವೋ ನಳಿಗೆಯ ಒಳಬಾಯಿ ಅಷ್ಟು, ಸುಮಾರು ಹದಿನೆಂಟೂವರೆ ಮಿಲಿಮೀಟರ್. ಜೋಡಿನಳಿಗೆ ಆಸೆ ಇತ್ತು, ಆದರೆ ಅದಕ್ಕೆ ಕರೆಯೋ ಹಸು ಮಾರಬೇಕಿತ್ತು. ಸರಕಾರಿ ಆಯುಧ ಕಾರ್ಖಾನೆಗಳ ಮಾಲನ್ನು ಈಗಲೂ ಜನ ಹಳೇ ಹೆಸರಿಂದ ‘ಐಒಎಫ್’ ಅಂತಲೇ ಕರೀತಾರೆ. 2021ರ ಅಕ್ಟೋಬರ್ 1ರಿಂದ ಆ ಮಂಡಳಿ ಹೋಗಿ ಏಳು ಕಂಪೆನಿ ಆಗಿವೆ. ಬಿಲ್ಲಿನಲ್ಲಿ ಬೇರೆ ಹೆಸರು ಕಂಡರೆ ಗಾಬರಿ ಬೇಡ.

ಕಂಪೆನಿ ಬಂದೂಕದ ಗುಣ ಒಂದೇ ಮಾತಲ್ಲಿ ಹೇಳಬಹುದು: ಅದು ಮುಂಚೆಯೇ ಪರೀಕ್ಷೆಯಲ್ಲಿ ಹೊಡೆಸಿಕೊಂಡು ಬಂದಿರುತ್ತದೆ. ಅದರ ದೋಷ ಅಂದರೆ, ಅದು ನಿಮಗಾಗಿ ಮಾಡಿದ್ದಲ್ಲ. ನನ್ನದರ ಹಿಡಿ ನನ್ನ ತೋಳಿಗೆ ಉದ್ದವಾಯಿತು. ಅಂಗಡಿಯವರು “ಅಭ್ಯಾಸ ಆಗ್ತದೆ” ಅಂದರು. ಅಭ್ಯಾಸ ಆಗಲಿಲ್ಲ, ದವಡೆ ಊದಿಕೊಂಡಿತು. ಬುಡ ಭುಜಕ್ಕೆ ಪೂರಾ ಕೂರದೆ ತೋಳಿನ ಮೇಲೆ ಒದೆಯುತ್ತಿತ್ತು. ಒಂದು ವಾರ ಸನಿಕೆ ಹಿಡಿಯೋಕಾಗಲಿಲ್ಲ.

ಮತ್ತೆ ಅದೇ ಕನ್ನಡಕದ ಮೇಸ್ತ್ರಿ ಹತ್ತಿರ ಹೋದೆ. ಮೊಣಕೈ ಮಡಿಸಿ ಅಂದರು. ಬಂದೂಕದ ಬುಡವನ್ನು ಮೊಣಕೈ ಸಂದಿಗೆ ಇಟ್ಟರೆ ತೋರುಬೆರಳಿನ ಮೊದಲ ಗೆಣ್ಣು ಸರಿಯಾಗಿ ಕುದುರೆಗೆ ಬರಬೇಕು. ನನ್ನದು ಒಂದು ಅಂಗುಲ ಹಿಂದೆ ಇತ್ತು. ಬುಡದ ಮರ ಅಷ್ಟು ಕತ್ತರಿಸಿ, ರಬ್ಬರ್ ಪ್ಯಾಡ್ ಹಚ್ಚಿ ಕೊಟ್ಟರು. ಎರಡು ಗಂಟೆ ಕೆಲಸ. ಆಮೇಲೆ ಅದೇ ಬಂದೂಕ, ಅದೇ ತೋಟಾ, ಮಗು ತಟ್ಟಿದ ಹಾಗೆ.

ನನ್ನ ಮಟ್ಟಿಗೆ ಉತ್ತರ ಇದೇ. ಉಕ್ಕು ಕಂಪೆನಿದಿರಲಿ, ಮರ ನಿಮ್ಮ ಅಳತೆದಿರಲಿ. ಮರದ ಕೆಲಸವನ್ನೂ ಪರವಾನಗಿ ಇರುವವರ ಹತ್ತಿರವೇ ಮಾಡಿಸಿ, ಬಂದೂಕವನ್ನು ಊರ ಬಡಗಿ ಮನೆಯಲ್ಲಿ ಬಿಟ್ಟು ಬರುವಂತಿಲ್ಲ.

ಹಳೇ ವಿಲಾಯತಿ ಬಂದೂಕ

ಬೆಂಗಳೂರಿನ ಹಳೇ ಮನೆಗಳಿಂದ ಹಿಡಿದು ತೋಟದವರ ತನಕ ಇಂಗ್ಲಿಷ್ ಜೋಡಿನಳಿಗೆಗಳು ಈಗಲೂ ಕೈ ಬದಲಾಗುತ್ತವೆ. ಹಗುರ, ಅಂದ, ಹೆಸರು ಎಲ್ಲ ಇದೆ. ಇಲ್ಲಿ ಒಂದು ಗುಂಡಿ ಇದೆ, ಓದಿದವರೂ ಬೀಳ್ತಾರೆ. ಹಳೇ ಬಂದೂಕಗಳ ತೋಟಾ ಮನೆ ಎಷ್ಟೋ ಸಲ ಎರಡೂವರೆ ಅಂಗುಲದ್ದು, 65 ಮಿಲಿಮೀಟರ್. ಈಗಿನ ತೋಟಾ ಸಾಮಾನ್ಯವಾಗಿ 70 ಮಿಲಿಮೀಟರ್, ಎರಡೂಮುಕ್ಕಾಲು ಅಂಗುಲ. ಹಾಕಿ ನೋಡಿದರೆ ಕೂರುತ್ತದೆ! ಯಾಕೆಂದರೆ ಆ 70 ಅನ್ನೋದು ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡ ತೋಟಾದ ಉದ್ದ. ಹೊಡೆದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒಳಗೆ ಗಂಟಲು ಕಟ್ಟಿದ ಹಾಗಾಗಿ ಒತ್ತಡ ಏರುತ್ತದೆ. ಕೂತಿತು ಅಂದ ಮಾತ್ರಕ್ಕೆ ಸರಿ ಅಂತಲ್ಲ. ಅಳತೆ ನಳಿಗೆಯ ತಳಭಾಗದ ಮುದ್ರೆಯಲ್ಲಿ ಇರುತ್ತದೆ, ಮೇಸ್ತ್ರಿ ಓದಿ ಹೇಳಲಿ.

ನಳಿಗೆಯ ಮೇಲೆ ಹಾವಿನ ಚರ್ಮದ ಹಾಗೆ ಸುರುಳಿ ಗೆರೆ ಕಂಡರೆ ಅದು ಡಮಾಸ್ಕಸ್ ನಳಿಗೆ. ಕಬ್ಬಿಣ, ಉಕ್ಕಿನ ಪಟ್ಟಿ ಹೆಣೆದು ಬೆಸೆದದ್ದು, ಕರಿಮದ್ದಿನ ಕಾಲದ್ದು. ಅದಕ್ಕೆ ಈಗಿನ ತೋಟಾ ಹಾಕೋದು ಬೇಡವೇ ಬೇಡ.

ರೈಫಲ್ ಯಾಕೆ ಬೇಡ

ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕತೆ ಓದಿದ ಹುಡುಗರು ರೈಫಲ್ ಕೇಳ್ತಾರೆ. ಆಂಡರ್ಸನ್ ಹತ್ತಿರ ಇದ್ದ .405 ವಿಂಚೆಸ್ಟರ್ ಕೂಡ ಕಾರ್ಖಾನೆಯದೇ, ಯಾರೂ ಅಳತೆ ತೆಗೆದು ಮಾಡಿದ್ದಲ್ಲ ಅನ್ನೋದನ್ನ ಇಲ್ಲಿ ನೆನಪಿಸಬಹುದು. ಆ ಕಾಲ ಬೇರೆ, ಆ ಕಾಡು ಬೇರೆ. ನಮ್ಮಲ್ಲಿ ಇಷಾಪುರದ .315 ರೈಫಲ್ ಪರವಾನಗಿ ಮೇಲೆ ಸಿಗುತ್ತದೆ, ಆದರೆ ಬೆಳೆ ರಕ್ಷಣೆಗೆ ಕಾಯಿದೆ ಹೇಳುವುದು ನುಣುಪು ನಳಿಗೆಯ ಬಂದೂಕ ಮಾತ್ರ.

ಕಾನೂನು ಬಿಡಿ, ಊರು ನೋಡಿ. 12 ಬೋರಿನ ಆರನೇ ನಂಬರು ಚರೆ ಎಷ್ಟು ಎತ್ತಿ ಹೊಡೆದರೂ ಸುಮಾರು 200 ಮೀಟರಿಗೆ ಬೀಳುತ್ತದೆ. ಎಲ್‌ಜಿ ದಪ್ಪ ಚರೆ 700 ಮೀಟರ್ ತನಕ ಹೋಗಬಲ್ಲದು. ರೈಫಲ್ ಗುಂಡು ಕಿಲೋಮೀಟರುಗಟ್ಟಲೆ. ನನ್ನ ಹೊಲದಿಂದ 700 ಮೀಟರ್ ಒಳಗೆ ಎರಡು ಕೋಳಿ ಫಾರಂ, ಒಂದು ಗೋಡೌನು, ಬಿಹಾರಿ ಹುಡುಗರ ಶೆಡ್ಡು, ತುಮಕೂರು ರಸ್ತೆಗೆ ಸೇರುವ ದಾರಿ ಇದ್ದಾವೆ. ರಾತ್ರಿ ಬಯಲಿಗೆ ಬಂದವರು ಯಾರು, ಹಂದಿ ಯಾವುದು ಅಂತ ಬ್ಯಾಟರಿ ಬೆಳಕಲ್ಲಿ ಗೊತ್ತಾಗಲ್ಲ. ನಾನು ಎಲ್‌ಜಿ ತೋಟಾ ಮನೆಗೇ ತಂದಿಲ್ಲ.

ಲೈಸೆನ್ಸ್ ಬೇಡದ ಏರ್‌ಗನ್ ಬಗ್ಗೆಯೂ ಕೇಳ್ತಾರೆ. ಅದರಲ್ಲಿ ನವಿಲಿಗೆ ಹೊಡೆದರೂ ಅದು ಬೇಟೆಯೇ, ಶಿಕ್ಷೆಯೂ ಅದೇ. ಪಿವಿಸಿ ಪೈಪಿನ ಕಾರ್ಬೈಡ್ ಗನ್ನು ಮಂಗ ಓಡಿಸೋಕೆ ಅಂತ ಮಾಡ್ಕೊಳ್ತಾರಲ್ಲ, 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಅದರಿಂದ ಎಷ್ಟೋ ಮಕ್ಕಳ ಕಣ್ಣಿಗೆ ಏಟಾಯ್ತು. ಮಕ್ಕಳ ಕೈಗೆ ಸಿಗುವ ಕಡೆ ಇಡಬೇಡಿ. ನನ್ನ ಕೇಳಿದರೆ ಮಾಡಿಕೊಳ್ಳಲೇಬೇಡಿ.

ಬಂದೂಕ ಇದ್ದರೆ ಹೊಡೀಬಹುದಾ?

ಇದನ್ನು ಮೊದಲೇ ಬರೆಯಬೇಕಿತ್ತು. ಬೆಳೆ ರಕ್ಷಣೆ ಪರವಾನಗಿ ಅಂದರೆ ಬಂದೂಕ ಇಟ್ಟುಕೊಳ್ಳೋಕೆ ಅನುಮತಿ. ಪ್ರಾಣಿ ಹೊಡೆಯೋಕೆ ಅನುಮತಿ ಅಲ್ಲ. ಎರಡೂ ಬೇರೆ ಕಾಯಿದೆ. 1972ರ ವನ್ಯಜೀವಿ ಕಾಯಿದೆಯಲ್ಲಿ ಬೇಟೆ ಪೂರಾ ನಿಷೇಧ. ನವಿಲು, ಚಿರತೆ ಮೊದಲನೇ ಪಟ್ಟಿಯಲ್ಲಿವೆ. ಕಾಡುಹಂದಿ ಮುಂಚೆ ಮೂರನೇ ಪಟ್ಟಿಯಲ್ಲಿತ್ತು, 2022ರ ತಿದ್ದುಪಡಿ ಮೇಲೆ ಎರಡನೆಯದಕ್ಕೆ ಬಂದಿದೆ. 11ನೇ ಕಲಮಿನಲ್ಲಿ ದಾರಿ ಇದೆ: ಎರಡನೇ ಪಟ್ಟಿಯ ಪ್ರಾಣಿ ಜನರಿಗೋ, ನಿಂತ ಬೆಳೆಗೋ ಅಪಾಯ ಆಗಿದೆ ಅನ್ನಿಸಿದರೆ ಮುಖ್ಯ ವನ್ಯಜೀವಿ ವಾರ್ಡನ್ ಅಥವಾ ಅವರು ಅಧಿಕಾರ ಕೊಟ್ಟವರು ಕಾರಣ ಬರೆದು ಲಿಖಿತ ಆದೇಶ ಕೊಡಬಹುದು. ಪಕ್ಕದ ಕೇರಳದಲ್ಲಿ 2022ರಲ್ಲಿ ಕಾಡುಹಂದಿ ವಿಷಯದಲ್ಲಿ ಈ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರ ತನಕ ಇಳಿಸಿದರು. ನಮ್ಮವರೂ ಅದನ್ನೇ ಕೇಳಬೇಕು ಅನ್ನೋದು ನನ್ನ ಅಭಿಪ್ರಾಯ. ಕಾಗದ ಕೈಗೆ ಬಾರದೆ ಹೊಡೆದರೆ ಮಾತ್ರ ನೀವು ರೈತರಲ್ಲ, ಬೇಟೆಗಾರರು. ಮೈಮೇಲೆ ಬಿದ್ದಾಗ ಪ್ರಾಣ ಉಳಿಸಿಕೊಳ್ಳಲು ಹೊಡೆದರೆ ಅಪರಾಧವಲ್ಲ, ಆದರೂ ಸತ್ತ ಪ್ರಾಣಿ ಸರಕಾರದ ಸ್ವತ್ತು. ಮನೆಗೆ ತಂದು ಪಾಲು ಹಾಕಿದರೆ ಕತೆ ಮುಗೀತು.

ಕೊಡಗಿನವರನ್ನು ನೋಡಿ ‘ಅವರಿಗೆ ಇದೆಯಲ್ಲ’ ಅನ್ನಬೇಡಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಿದ್ದಾರೆ, 2021ರಲ್ಲಿ ಹೈಕೋರ್ಟು ಎತ್ತಿಹಿಡಿದಿದೆ. ಅದು ಇಟ್ಟುಕೊಳ್ಳೋ ವಿನಾಯಿತಿ. ಬೇಟೆಗೆ ಅವರಿಗೂ ಇಲ್ಲ.

ಈಗ ನಾನು ಮಾಡಿದ ದೊಡ್ಡ ತಪ್ಪಿಗೆ ಬರ್ತೀನಿ. ಹೊಡೆಯುವಂತಿಲ್ಲ ಅಂದಮೇಲೆ ನನಗೆ ಬೇಕಾದದ್ದು ಸದ್ದು. ಸದ್ದಿಗೆ ಅಪ್ಪನ ಕೇಪಿನ ಬಂದೂಕವೇ ಸರಿ, ಚರೆ ಇಲ್ಲದೆ ಬರೀ ಮದ್ದು ತುಂಬಬಹುದು. ನನ್ನ ಹೊಸ ಒಂಟಿನಳಿಗೆಗೆ ಅಂಗಡಿಯ ತೋಟಾ ಹಾಕಬೇಕು, ಅದರಲ್ಲಿ ಚರೆ ಇದ್ದೇ ಇರುತ್ತದೆ. ಆಕಾಶಕ್ಕೆ ಹೊಡೆದರೂ ಆ ಚರೆ ಯಾರದೋ ಸೂರಿನ ಮೇಲೆ ಇಳಿಯಬೇಕು. ಹಸುವಿನ ಮುಕ್ಕಾಲು ದುಡ್ಡು ಕೊಟ್ಟು ತಂದ ಬಂದೂಕ ಈಗ ಬೀರುವಿನಲ್ಲೇ ಹೆಚ್ಚು ಕಾಲ ಕಳೆಯುತ್ತಿದೆ. ರಾತ್ರಿ ನಾನೂ ಮಗನೂ ಸರದಿ ಮೇಲೆ ಅಟ್ಟಣೆಯಲ್ಲಿ ಕೂತು ಡಬ್ಬ ಬಡೀತೀವಿ, ಪಟಾಕಿ ಹಚ್ತೀವಿ.

ಆದ್ದರಿಂದ ಕೇಳಿದವರಿಗೆ ನಾನೀಗ ಹೇಳೋದು ಹೀಗೆ. ಹಂದಿ ಹೆದರಿಸೋದಷ್ಟೇ ಆದರೆ, ಪರವಾನಗಿ ಇರುವ ತಯಾರಕರ ಕೇಪಿನ ಬಂದೂಕ ಕೇಳಿ. ಪರವಾನಗಿಯೂ ಮೊದಲು ಅದಕ್ಕೇ ಸಿಗೋದು. ಚಿರತೆ ಓಡಾಡುವ ಗುಡ್ಡದ ಅಂಚಿನಲ್ಲಿ ಒಂಟಿ ಮನೆ ಇದ್ದು ಜೀವಭಯ ಇದ್ದರೆ, 12 ಬೋರಿನ ಕಂಪೆನಿ ಬಂದೂಕ, 3 ಕೇಜಿ ಸುಮಾರಿನದು, ಹಿಡಿ ನಿಮ್ಮ ಅಳತೆಗೆ. ಅದಕ್ಕಿಂತ ಹಗುರದ್ದು ಹುಡುಕಬೇಡಿ. ಸಂತೆ ಮೇಸ್ತ್ರಿಯ ಮಾಲು ಯಾವ ಕಾರಣಕ್ಕೂ ಬೇಡ.

ಕೇಪಿನದು ಇಟ್ಟುಕೊಳ್ಳುವವರು ಎರಡು ವಿಷಯ ಮರೀಬೇಡಿ. ತುಂಬಿದ ಬಂದೂಕ ಮನೆಯೊಳಗೆ ತರಬೇಡಿ. ‘ಬೆಳಿಗ್ಗೆ ನೋಡ್ಕೊಂಡ್ರಾಯ್ತು’ ಅಂತ ಮೂಲೆಗೆ ಒರಗಿಸಿದ್ದನ್ನು ಮಾರನೇ ದಿನ ಇನ್ನೊಬ್ಬರು ಮತ್ತೆ ತುಂಬಿದರೆ ಜೋಡಿ ಮದ್ದು ಆಗುತ್ತದೆ. ಕೇಪು ‘ಟಪ್’ ಅಂದು ಬೆಂಕಿ ಹತ್ತದಿದ್ದರೆ ಬಾಯಿಗೆ ಇಣುಕಬೇಡಿ. ನಳಿಗೆಯನ್ನು ಜನ ಇಲ್ಲದ ಕಡೆಗೇ ಹಿಡಿದು ಒಂದು ನಿಮಿಷ ಕಾಯಿರಿ, ಒಳಗೆ ಮದ್ದು ನಿಧಾನಕ್ಕೆ ಹತ್ತುತ್ತಿರಬಹುದು.

ಯಾವ ಬಂದೂಕವೇ ಆಗಲಿ, ತಿಂಗಳುಗಟ್ಟಲೆ ಇಟ್ಟು ತೆಗೆದಾಗ ನಳಿಗೆಯ ಒಳಗೆ ಬೆಳಕು ಬಿಟ್ಟು ನೋಡಿ. ನಮ್ಮ ಕಡೆ ಕುಂಬಾರ ಹುಳ ಬಂದು ನಳಿಗೆಯೊಳಗೆ ಮಣ್ಣಿನ ಗೂಡು ಕಟ್ಟುತ್ತದೆ. ಬೆರಳಷ್ಟು ಮಣ್ಣು ಸಾಕು, ಒಳ್ಳೆ ಉಕ್ಕಿನ ನಳಿಗೆಯೂ ಸೀಳಿಹೋಗುತ್ತದೆ. ನನ್ನದರಲ್ಲೂ ಹೋದ ಮಳೆಗಾಲ ಒಂದು ಗೂಡು ಸಿಕ್ಕಿತು. ಅಂದಿನಿಂದ ಬಾಯಿಗೆ ಬಟ್ಟೆ ತುರುಕಿ, ಅದರ ತುದಿಗೆ ಕೆಂಪು ದಾರ ಕಟ್ಟಿದ್ದೇನೆ, ತೆಗೆಯೋದು ಮರೀಬಾರದು ಅಂತ.

ಪರವಾನಗಿ ಈಗ 5 ವರ್ಷಕ್ಕೆ ಕೊಡುತ್ತಾರೆ, ಮುಂಚೆ 3 ಇತ್ತು. ಹೊಸ ಅರ್ಜಿಗೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕು. ತರಬೇತಿಗೆ ಹೋದಾಗ ನಿಮ್ಮದೇ ಅಳತೆಯ ಹಿಡಿ ಎಷ್ಟು ಅಂತ ಅಲ್ಲೇ ಕೇಳಿ ಬರೆದುಕೊಂಡು ಬಂದರೆ, ಅಂಗಡಿಯಲ್ಲಿ “ಅಭ್ಯಾಸ ಆಗ್ತದೆ” ಅನ್ನೋ ಮಾತಿಗೆ ಉತ್ತರ ನಿಮ್ಮ ಜೇಬಲ್ಲೇ ಇರುತ್ತದೆ.